ಆರು ತುಂಡಿನ ಹೆಸರು

ನಲವತ್ತು ವರ್ಷ ಮಗ್ಗದ ಮುಂದೆ ಕೂತು ನೂಲಿನ ಧೂಳು ಕುಡಿದ ರಬಕವಿಯ ಮಲಕಾಜಪ್ಪನಿಗೆ ಏನಾಗಿದೆ ಎಂಬುದನ್ನು ಡಾಕ್ಟರು ಒಂದೇ ಒಂದು ಉದ್ದನೆಯ ಇಂಗ್ಲಿಷ್ ಶಬ್ದದಲ್ಲಿ ಹೇಳಿದರು. ಇದಕ್ಕೆ ಔಷಧಿ ಇಲ್ಲ ಎಂಬುದನ್ನು ಮಾತ್ರ ಕನ್ನಡದಲ್ಲಿ ಹೇಳಿದರು.

"ನನ್ನ ಕೊಲ್ಲಾಕ ಬಂದಾಂವನ ಹೆಸರ ನನಗ ಬರಬ್ಯಾಡೇನು?" ಎಂದು ಮಲಕಾಜಪ್ಪ ಹಟ ಹಿಡಿದ. ಸೊಸೆ ಉಜ್ವಲಾ ಎಕ್ಸ್‌ರೇ ಲಕೋಟೆಯ ಮೇಲೆ ಆ ಶಬ್ದವನ್ನು ಆರು ತುಂಡು ಮಾಡಿ ಬರೆದಳು: ನ್ಯು, ಮೋ, ಕೋ, ನಿ, ಯೋ, ಸಿಸ್.

"ಒಂದೊಂದ ಅನ್ರಿ ಮಾವಾರ. ಆಮ್ಯಾಲ ಕೂಡಿಸೂಣು."

ಎಂಟು ದಿನದಲ್ಲಿ ತುಂಡುಗಳೆಲ್ಲ ಬಾಯಿಗೆ ಬಂದವು. ಆದರೆ ಕೂಡಿಸಿ ಅನ್ನುವಷ್ಟು ಉಸಿರು ಎದೆಯಲ್ಲಿರಲಿಲ್ಲ. ಮಗ್ಗದಲ್ಲಿ ಹರಿದ ಎಳೆಗೆ ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದ ಮನುಷ್ಯ, ಈಗ ಸಿಟ್ಟಿಗೆ ಗೋಡೆ ಗುದ್ದುತ್ತಿದ್ದ. ಯುಗಾದಿಗೆ 'ನಿ'ವರೆಗೆ ಹೋಗುತ್ತಿದ್ದ ಉಸಿರು ನಾಗರಪಂಚಮಿಗೆ 'ಮೋ'ದಲ್ಲೇ ನಿಂತಿತು. ಆದರೂ ಅವನು ದಿನಾ ಮುಂಜಾನೆ ಲಕೋಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತು ಒಂದೊಂದೇ ತುಂಡು ಅನ್ನುವುದನ್ನು ಬಿಡಲಿಲ್ಲ.

ದೀಪಾವಳಿಗೆ ಬೀಗರು ಬಂದರು. "ಏನ್ ಜಡ್ಡರೀ ಬೀಗರ ಇದು?" ಎಂದರು.

ಹೇಳಲು ಬಾಯಿ ತೆರೆದ ಉಜ್ವಲಾಳನ್ನು ಮಲಕಾಜಪ್ಪ ಕೈ ಎತ್ತಿ ತಡೆದ. ಬೆನ್ನು ನೆಟ್ಟಗೆ ಮಾಡಿ, "ನ್ಯು" ಎಂದ.

ಎಲ್ಲರೂ ಕಾದರು. ಎರಡನೆಯ ತುಂಡು ಬರಲಿಲ್ಲ.

ಅಡುಗೆಮನೆಯೊಳಗೆ, ಶಾಲೆಯ ಮೆಟ್ಟಿಲು ಹತ್ತದ ಅವನ ಹೆಂಡತಿ ಅನಸವ್ವ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, ಉಳಿದ ಐದನ್ನೂ ಒಂದೇ ಉಸಿರಿನಲ್ಲಿ ಅಂದು ಮುಗಿಸಿದಳು.

ಮಲಕಾಜಪ್ಪ ಎತ್ತಿದ ಕೈ ಇಳಿಸಿದ.