ತೆಕ್ಕಲಕೋಟೆ ತನಕ ಹಿಡಿದ ಸೀಟು

ಬಳ್ಳಾರಿಯ ಪಾರ್ವತಿನಗರದ ಸುನಂದಾಗೆ ಸೀರಿಯಲ್ ನೋಡುವ ಚಟವಿರಲಿಲ್ಲ. ‘ಮಗ್ಗುಲ ಲೋಕ’ ಒಂದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಅದನ್ನು ಬರೆಯುತ್ತಿದ್ದವಳು ಅವಳ ಹಳೆಯ ವಿದ್ಯಾರ್ಥಿನಿ ಸಿಂಧು. ನಮ್ಮ ಜಗತ್ತಿನ ಮಗ್ಗುಲಿಗೇ ಇಂಥದೇ ಇನ್ನೊಂದು ಜಗತ್ತಿದೆ, ಇಲ್ಲಿ ಆಗದೆ ಉಳಿದದ್ದು ಅಲ್ಲಿ ಆಗಿರುತ್ತದೆ ಎಂಬುದು ಅದರ ಕಥೆ. ನಾಯಕಿ ಅಲ್ಲಿಂದ ಇಲ್ಲಿಗೆ ದಾಟಿ ಬಂದವಳು.

ಒಂದು ಸಂಜೆ ಸಿಂಧು ಮನೆಗೇ ಬಂದಳು. “ಟೀಚರ್, ಮುಂದಿನ ಎಪಿಸೋಡು ಪೂರ್ತಿ ಫ್ಲ್ಯಾಶ್‌ಬ್ಯಾಕು. ನಾಯಕಿ ತಾಯಿ ಹುಡುಗಿ ಇದ್ದಾಗಿಂದು. ಕ್ಲಾಸಿನ್ಯಾಗ ಹೇಳಿದ್ರಲ್ಲ, ಆ ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಕಥಿ ಹಾಕ್ಲೇನ್ರಿ?”

ಸುನಂದಾ ನಕ್ಕಳು. “ಹಾಕವ್ವಾ. ಅದರಾಗೇನೈತಿ? ನಾ ಬಸ್ ಹತ್ತಲಿಲ್ಲ, ಅಷ್ಟ.”

ಸಿರುಗುಪ್ಪದಲ್ಲಿ ಸುನಂದಾ, ಚನ್ನವೀರಮ್ಮ ಒಂದೇ ಬೆಂಚಿನವರು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ನಾಟಕದಲ್ಲಿ ಚನ್ನವೀರಮ್ಮ ರಾಜ, ಸುನಂದಾ ರಾಣಿ. ಚನ್ನವೀರಮ್ಮ ಮೀಸೆ ಅಂಟಿಸಿಕೊಂಡು ಒಮ್ಮೆ ಗುಡುಗಿದರೆ ಮುಂದೆ ಕೂತ ಸಣ್ಣ ಮಕ್ಕಳು ಅಳುತ್ತಿದ್ದವು. ಕಾಲೇಜು ಮುಗಿದ ವರ್ಷ, ಬಳ್ಳಾರಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯೊಂದು ಇಬ್ಬರನ್ನೂ ಕರೆಸಿತು. ಮನೆಯಲ್ಲಿ ಹೇಳದೆ ಬಸ್‌ಸ್ಟ್ಯಾಂಡಿಗೆ ಹೋದರು. ಚನ್ನವೀರಮ್ಮ ಮೊದಲು ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಸಿ ಕಿಟಕಿಯಿಂದ ಕೂಗಿದಳು: “ಸೀಟು ಹಿಡಿದೀನಿ, ಜಲ್ದಿ ಬಾರಲೇ!”

ಅಷ್ಟರಲ್ಲಿ ಸುನಂದಾಳ ಅಪ್ಪ ಗವಿಸಿದ್ದಪ್ಪ ಯಾರಿಂದಲೋ ಸುದ್ದಿ ತಿಳಿದು ಸೈಕಲ್ ತುಳಿದುಕೊಂಡು ಬಂದ. ಬೈಯಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಸೈಕಲ್ ಹಿಡಿದುಕೊಂಡು ಸುಮ್ಮನೆ ನಿಂತ. ಅವಸರದಲ್ಲಿ ಚಪ್ಪಲಿ ಮೆಟ್ಟುವುದನ್ನೂ ಮರೆತಿದ್ದ. ಆ ಬರಿಗಾಲು ನೋಡಿ ಸುನಂದಾಗೆ ಹೆಜ್ಜೆ ಏಳಲಿಲ್ಲ. ಬಸ್ಸು ಹೋಯಿತು.

ಮುಂದೆ ಅವಳು ಶಿಕ್ಷಕಿಯಾಗಿ, ಮದುವೆಯಾಗಿ ಬಳ್ಳಾರಿಗೆ ಬಂದಳು. ಅಷ್ಟರಲ್ಲಿ ಕಂಪನಿ ಬೇರೆ ಊರಿಗೆ ಹೋಗಿತ್ತು. ಚನ್ನವೀರಮ್ಮನ ಸುದ್ದಿ ಮತ್ತೆ ಸಿಗಲಿಲ್ಲ.

ಸಿರುಗುಪ್ಪದ ಬಸ್‌ಸ್ಟ್ಯಾಂಡ್ ಈಗ ಗುರುತು ಸಿಗದಷ್ಟು ಬದಲಾಗಿದೆ. ಅದಕ್ಕೇ ಶೂಟಿಂಗ್‌ನವರು ಕುರುಗೋಡಿನ ಬಂಡೆಗುಡ್ಡದ ಕೆಳಗಿನ ಬಯಲಿನಲ್ಲಿ ಹಳೆಯದನ್ನು ಹೊಸದಾಗಿ ಕಟ್ಟಿದ್ದರು. ಸಿಂಧು ಟೀಚರನ್ನು ಕಾರಿನಲ್ಲಿ ಕರೆದೊಯ್ದಳು. ತಗಡಿನ ಚಪ್ಪರ, ಗೋಲಿಸೋಡಾ ಅಂಗಡಿ, ಮೂತಿ ಮುಂದೆ ಚಾಚಿದ ಕೆಂಪು ಬಸ್ಸು. ಸುನಂದಾ ಬಸ್ಸಿನ ಬಾಗಿಲ ಸರಳನ್ನು ಮುಟ್ಟಿ ನೋಡಿದಳು. ಬಿಸಿಲಿಗೆ ಕಾದಿತ್ತು. ಕಣ್ಣು ತುಂಬಿ ಬಂತು.

ಮಧ್ಯಾಹ್ನ ರಿಹರ್ಸಲ್ ನಡೆದಿತ್ತು. ಗೆಳತಿಯ ಪಾತ್ರದ ಹುಡುಗಿ ಕಿಟಕಿಯಿಂದ ಬಾಗಿ ಮೆಲ್ಲಗೆ ಅಂದಳು: “ಸೀಟು ಹಿಡಿದೀನಿ, ಜಲ್ದಿ ಬಾರಲೇ.”

“ಅಷ್ಟು ಮೆತ್ತಗ ಒದರಿದ್ರ ಆಕಿಗೆ ಹೆಂಗ ಕೇಳಿಸ್ತತಿ ತಂಗೀ? ಬಸ್ ಚಾಲೂ ಆಗಿತ್ತು!”

ಬಯಲಿಗೆ ಬಯಲೇ ತಿರುಗಿ ನೋಡಿತು. ಊಟದ ಟೆಂಪೋದ ಹತ್ತಿರ, ರೊಟ್ಟಿಬುಟ್ಟಿ ಸೊಂಟಕ್ಕಿಟ್ಟುಕೊಂಡು ಖಾನಾವಳಿಯ ಹೆಂಗಸೊಬ್ಬಳು ನಿಂತಿದ್ದಳು. ಸುನಂದಾಗೆ ಮುಖಕ್ಕಿಂತ ಮೊದಲು ದನಿಯ ಗುರುತು ಹತ್ತಿತ್ತು.

“ಚನ್ನೀ?”

ಆಕೆ ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದಳು. “ಅಯ್ಯ ಶಿವನ! ಸುನಂದಾ! ನಮ್ಮ ಮಾತು ಇವರ ಬಾಯಾಗ ಹೆಂಗ ಬಂತು ಅಂತ ನಾ ನೋಡಾಕತ್ತಿದ್ರ... ನೀ ಅದಿಯೇನ್ಲೇ ಇಲ್ಲಿ!”

ಇಬ್ಬರೂ ಚಪ್ಪರದ ನೆರಳಿಗೆ ಕೂತರು.

“ನನ್ ಮ್ಯಾಲೆ ಸಿಟ್ಟಿತ್ತೇನು?” ಸುನಂದಾ ಕೇಳಿದಳು.

“ಇರಲಾರದ ಏನು! ತೆಕ್ಕಲಕೋಟಿ ತನಕ ಟವಲ್ ತೆಗೀಲಿಲ್ಲ. ಕಂಡಕ್ಟರ್ ಬೈದ, ನಿಂತ ಮಂದಿ ಬೈದ್ರು. ನೀ ಯಾವುದರ ಲಾರಿ ಹಿಡಕೊಂಡು ಹಿಂದ ಬರ್ತಿ ಅಂತ ನನ್ನ ಲೆಕ್ಕ. ತೆಕ್ಕಲಕೋಟ್ಯಾಗ ಒಬ್ಬಾಕಿ ಬಸುರಿ ಹತ್ತಿದ್ಲು. ಆಕಿಗೆ ಬಿಟ್ಟುಕೊಟ್ಟೆ. ಅಲ್ಲಿಂದ ಬಳ್ಳಾರಿ ಮಟ ಅತ್ತೆ.”

ಸುನಂದಾ ಅವಳ ಕೈಯನ್ನು ಮಡಿಲಿಗೆ ಎಳೆದುಕೊಂಡಳು. “ನೀ ಊರೂರಾಗ ರಾಜನ ಪಾರ್ಟು ಮಾಡ್ಕೊಂತ ಮೆರೆಯಾಕತ್ತಿ ಅಂತನ ನಾ ತಿಳ್ಕೊಂಡಿದ್ದೆ.”

“ಸ್ವಲ್ಪ ದಿನ ಮೆರೆದೆ. ಕಂಪನಿ ಮುಚ್ಚಿತು. ಹಾರ್ಮೋನಿಯಂ ಬಾರಸ್ತಿದ್ದ ಎರ್ರೆಪ್ಪನ್ನ ಕಟ್ಟಿಕೊಂಡು ಇಲ್ಲಿಗೆ ಬಂದೆ, ಖಾನಾವಳಿ ಇಟ್ಟೆ. ಚಲೋ ಅದೀನಿ. ನೀ ಬಳ್ಳಾರಿಯಾಗ ಟೀಚರ್ ಅಂತ ಯಾರೋ ಹೇಳಿದ್ರು. ಗುರುತು ಹಿಡೀಲಿಲ್ಲಂದ್ರ ಹೆಂಗ ಅಂತ ಬರಲಿಲ್ಲ.”

“ನಿನ್ನ ಗುರುತು ಹಿಡೀಲಾರದಂಗ ಇರ್ತೀನೇನ ಹುಚ್ಚೀ?”

ಊಟದ ಮೇಲೆ ಸಿಂಧು ದೃಶ್ಯವನ್ನು ಎರಡು ರೀತಿ ತೆಗೆಸಿದಳು. ಮೊದಲು ಈ ಲೋಕದ್ದು: ಹುಡುಗಿ ಅಪ್ಪನ ಬಳಿಯೇ ನಿಲ್ಲುತ್ತಾಳೆ. ಆಮೇಲೆ ಮಗ್ಗುಲ ಲೋಕದ್ದು: ಹುಡುಗಿ ಓಡುತ್ತಾಳೆ, ಗೆಳತಿ ಕೈ ಕೊಡುತ್ತಾಳೆ, ಇಬ್ಬರೂ ನಗುತ್ತ ಬಸ್ಸಿನಲ್ಲಿ ಹೋಗುತ್ತಾರೆ. ಚನ್ನವೀರಮ್ಮ ಚಪ್ಪಾಳೆ ತಟ್ಟಿಬಿಟ್ಟಳು. ಕ್ಯಾಮೆರಾ ಬಸ್ಸಿನ ಹಿಂದೆ ಹೋಯಿತು. ಸುನಂದಾ ಮಾತ್ರ, ಎದ್ದ ಧೂಳಿನಲ್ಲಿ ಸೈಕಲ್ ಹಿಡಿದು ನಿಂತ ಅಪ್ಪನ ಪಾತ್ರದವನನ್ನೇ ನೋಡುತ್ತಿದ್ದಳು.

“ಆ ಲೋಕದಾಗ ನಮ್ಮಪ್ಪ ಹೆಂಗ ಮನಿ ಮುಟ್ಟಿದನೋ ಏನೋ,” ಅಂದಳು.

ಚನ್ನವೀರಮ್ಮ ಗೆಳತಿಯ ಬೆನ್ನ ಮೇಲೆ ಕೈಯಿಟ್ಟಳು.

ಸಂಜೆ ಕಾರು ಹೊರಟಾಗ ಸುನಂದಾ ಹತ್ತಲಿಲ್ಲ. ಗಂಡ ಸಿದ್ದಲಿಂಗೇಶನಿಗೆ ಫೋನ್ ಮಾಡಿದಳು. “ಏನ್ರಿ, ಇವತ್ತು ಕುರುಗೋಡಿನ್ಯಾಗ ಇರ್ತೀನಿ. ಸಾರು ಫ್ರಿಜ್ಜಿನ್ಯಾಗ ಐತಿ, ಬಿಸಿ ಮಾಡ್ಕೊಳ್ರಿ.”

“ಕುರುಗೋಡಿನ್ಯಾಗ ನಮ್ಮವರು ಯಾರದಾರ?”

“ನಮ್ಮ ಚನ್ನಿ ಅದಾಳ್ರಿ. ನಾಳಿ ಕರ್ಕೊಂಡು ಬರ್ತೀನಿ.”

ಇಬ್ಬರೂ ಬುಟ್ಟಿಯ ಒಂದೊಂದು ಅಂಚು ಹಿಡಿದು ಚನ್ನವೀರಮ್ಮನ ಓಣಿ ಹೊಕ್ಕರು. ಕಟ್ಟೆಯ ಮೇಲೆ ಕೂತಿದ್ದ ನೆರೆಮನೆಯ ಮುದುಕಿ ಗಿಡ್ಡಮ್ಮ ಕಣ್ಣು ಕಿರಿದು ಮಾಡಿ ಕೇಳಿದಳು: “ಯಾರ ಚನ್ನವೀರವ್ವ, ಬೀಗರೇನು?”

“ಬೀಗರಲ್ಲಬೇ, ನಮ್ಮ ಸಿರುಗುಪ್ಪದಾಕಿ,” ಎನ್ನುತ್ತ ಚನ್ನವೀರಮ್ಮ ಒಲೆ ಹೊತ್ತಿಸಬೇಕೆಂದು ಬಿರಬಿರನೆ ನಡೆದಳು.