ಹೊಳೆಗೆ ಬಿದ್ದ ಲಾರಿ ಟ್ಯೂಬು

ನಾನು ಒಂದು ಲಾರಿ ಟ್ಯೂಬು. ಮೈಬಣ್ಣ ಕಪ್ಪು, ಹೊಟ್ಟೆ ಗುಂಡು, ಮಾತು ಸ್ವಲ್ಪ ಜಾಸ್ತಿ. ಗಾಳಿ ತುಂಬಿಕೊಂಡವರ ಸ್ವಭಾವವೇ ಅದು, ಬೇಸರಿಸಬೇಡಿ.

ಹುಟ್ಟಿದ್ದು ಒಂದು ರಬ್ಬರ್ ಕಾರ್ಖಾನೆಯಲ್ಲಿ. ಹೊರಗಿನ ಬೆಳಕು ನೋಡುವಷ್ಟರಲ್ಲೇ ನನ್ನನ್ನು ಟೈರೊಂದರ ಹೊಟ್ಟೆಯೊಳಗೆ ತುರುಕಿ, ಕಬ್ಬು ಸಾಗಿಸುವ ಲಾರಿಗೆ ಹಾಕಿಬಿಟ್ಟರು. ಮಂಡ್ಯದ ರಸ್ತೆಗಳನ್ನೆಲ್ಲ ಸುತ್ತಿದ್ದೇನೆ, ಒಂದನ್ನೂ ಕಣ್ಣಾರೆ ಕಂಡಿಲ್ಲ. ಒಳಗೆ ಕತ್ತಲು, ಸೆಕೆ, ಮೇಲೆ ಹೇರಿದ ಭಾರ. ಹೊರಲೋಕದಿಂದ ನನ್ನನ್ನು ಮಾತಾಡಿಸಲು ಬರುತ್ತಿದ್ದವು ಮೊಳೆಗಳು ಮಾತ್ರ. ಪ್ರತಿ ಸಲವೂ ಮೈಸೂರಿನ ಹೊರವಲಯದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಬಾಬಾಜಾನ್ ಸಾಹೇಬರು ತೇಪೆ ಹಾಕಿ ನನ್ನನ್ನು ಬದುಕಿಸುತ್ತಿದ್ದರು. ಕೊನೆಗೊಂದು ದಿನ, "ಇದು ಇನ್ನು ಲಾರಿಗೆ ಬರಲ್ಲ" ಎಂದು ಅಂಗಡಿಯ ಮುಂದೆ ನೇತುಹಾಕಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ನಿಜಕ್ಕೂ ಅದು ಶುರುವಾದದ್ದೇ ಅಲ್ಲಿಂದ.

ಸ್ಕೂಟರಿಗೆ ಗಾಳಿ ಹೊಡೆಸಲು ಬಂದ ಒಬ್ಬರ ಕಣ್ಣು ನನ್ನ ಮೇಲೆ ಬಿತ್ತು. ಹೆಸರು ಸಂಗನಬಸಪ್ಪ. ರೈಲ್ವೆಯಲ್ಲಿ ಫಿಟ್ಟರ್, ಬಾಗಲಕೋಟೆ ಕಡೆಯಿಂದ ಆಗಷ್ಟೇ ಮೈಸೂರಿಗೆ ವರ್ಗವಾಗಿ ಬಂದಿದ್ದವರು.

"ಇದು ನೀರಾಗ ತೇಲತೈತೇನ್ರಿ?" ಎಂದು ಕೇಳಿದರು.

"ನೀವು ಮುಳುಗಬಹುದು, ಇದು ಮುಳುಗಲ್ಲ" ಅಂದರು ಬಾಬಾಜಾನ್.

ಆ ಭರವಸೆಯ ಮೇಲೆ ನಾನು ಅವರ ಮನೆ ಸೇರಿದೆ. ಮನೆಯಲ್ಲಿ ಹೆಂಡತಿ ಕಸ್ತೂರಿ, ಮಗಳು ದಾನಮ್ಮ. ಎಲ್ಲರೂ ಅವಳನ್ನು ದಾನಿ ಅನ್ನುತ್ತಿದ್ದರು. ಕಸ್ತೂರಿಯದು ಮಾತು ಕಡಿಮೆ. ತರಕಾರಿ ಕೊಳ್ಳಲು ಹೋದರೂ ಜನ ಅವರ ಮಾತಿನ ಧಾಟಿಗೆ ನಗುತ್ತಾರೆಂದು ಬಾಯಿ ಬಿಡುತ್ತಿರಲಿಲ್ಲ. ಆದರೆ ಸಂಕಟ ಅದಕ್ಕಿಂತ ಹಳೆಯದು. ಅವರು ಹುಟ್ಟಿದ್ದು ಕೃಷ್ಣಾ ನದಿಯ ದಂಡೆಯ ಹಳ್ಳಿಯಲ್ಲಿ. ಓದು ಕಲಿಯುವ ಮೊದಲೇ ಈಜು ಕಲಿತವರು. ಅಣೆಕಟ್ಟಿನ ನೀರು ಏರಿ ಆ ಹಳ್ಳಿಯೇ ಮುಳುಗಿತು. ಮದುವೆ ನಡೆದದ್ದು ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿನಲ್ಲಿ. ಮನೆ ಮುಳುಗಿದ ದಿನದಿಂದ ಕಸ್ತೂರಿ ಯಾವ ಹೊಳೆಗೂ ಕಾಲಿಟ್ಟಿರಲಿಲ್ಲ.

ಸಂಗನಬಸಪ್ಪನವರದು ಬಾವಿಯ ನೀರಷ್ಟೇ ಕಂಡ ಎರೆಹೊಲದ ಊರು. ಹೆಂಡತಿಗೆ ಹೊಳೆಯೆಂದರೆ ಪ್ರಾಣವಾಗಿತ್ತೆಂದು ಯಾರೋ ಹೇಳಿದ್ದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಈ ಹೊಸ ಊರಲ್ಲಿ ಆಕೆ ಮತ್ತೆ ನಗಬೇಕಾದರೆ ನೀರು ತೋರಿಸಬೇಕು ಅಂತ ಅವರ ಲೆಕ್ಕಾಚಾರ. ಹಾಗಾಗಿ ಬೇಸಿಗೆಯ ಭಾನುವಾರಗಳಲ್ಲಿ ರೊಟ್ಟಿ ಬುತ್ತಿ ಕಟ್ಟಿಸಿಕೊಂಡು, ನನ್ನನ್ನು ದಾನಿಯ ಕೊರಳಿಗೆ ಹಾಕಿ, ಸ್ಕೂಟರ್ ಹೊರಡಿಸುತ್ತಿದ್ದರು. ಒಂದು ವಾರ ಕೆರೆ, ಒಂದು ವಾರ ನಾಲೆ, ಇನ್ನೊಂದು ವಾರ ಶ್ರೀರಂಗಪಟ್ಟಣದ ಕಾವೇರಿ. ಎಲ್ಲಿಗೆ ಹೋದರೂ ಕಸ್ತೂರಿ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ರೊಟ್ಟಿ ಬಡಿಸುವಾಗಲೂ ಆ ಕಡೆ ತಿರುಗುತ್ತಿರಲಿಲ್ಲ. ದಾನಿಗೆ ಮಾತ್ರ ಬೆನ್ನ ಹಿಂದಿನಿಂದಲೇ ಎಚ್ಚರಿಕೆ: "ಮೊಣಕಾಲ ಮ್ಯಾಲ ನೀರ ಬಂತಂದ್ರ ಕಾಲ ಮುರೀತೇನಿ!"

ನಾನು ದಂಡೆಯ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿರುತ್ತಿದ್ದೆ. ಆ ಹೆಂಗಸಿನ ಬೆನ್ನು ನೋಡಿದಾಗಲೆಲ್ಲ ಕರುಳು ಚುರ್ರೆನ್ನುತ್ತಿತ್ತು. ಟ್ಯೂಬಿಗೆ ಕರುಳೆಲ್ಲಿ ಎಂದು ನೀವು ಕೇಳಬಹುದು. ನನ್ನ ಮೈಯೆಲ್ಲ ಕರುಳೇ ಅಲ್ಲವೆ?

ಒಂದು ಭಾನುವಾರ ಪಕ್ಕದ ಮನೆಯ ಚೆಲುವಾಜಮ್ಮನೂ ಜೊತೆಗೆ ಹೊರಟರು. ನಂಜನಗೂಡಿನಾಚೆ, ಕಪಿಲೆಯ ದಂಡೆಯ ಒಂದೂರು ಅವರ ತವರು. ಬಸ್ಸಿಳಿದು ಹೊಳೆಗೆ ಹೋದೆವು. ಸಂಗನಬಸಪ್ಪ ಸೈಕಲ್ ಪಂಪಿನಿಂದ ನನಗೆ ಗಾಳಿ ತುಂಬಿ ಬೆವತುಹೋದರು. ಆಮೇಲೆ ಮಗಳ ಮುಂದೆ ಜಂಬ ತೋರಿಸಲು ಕೈಯಲ್ಲೊಂದು ರೊಟ್ಟಿ ಸುರುಳಿ ಹಿಡಿದು ನನ್ನ ಮೇಲೆ ಸಿಂಹಾಸನದಲ್ಲಿ ಕೂತಂತೆ ಕೂತರು.

ಬಾವಿಯಲ್ಲಿ ಟ್ಯೂಬು ಇಟ್ಟಲ್ಲೇ ಇರುತ್ತದೆ. ಹೊಳೆಯಲ್ಲಿ ಇರುವುದಿಲ್ಲ. ಇಷ್ಟು ಸಣ್ಣ ವಿಷಯ ಬಾವಿಯೂರಿನ ಆ ಮನುಷ್ಯನಿಗೆ ಗೊತ್ತಿರಲಿಲ್ಲ.

"ಹ್ಯಾಂಗ ಹೊಂಟೇನಿ ನೋಡ ದಾನೀ!" ಎಂದು ಮೊದಲು ಖುಷಿಪಟ್ಟರು. ದಂಡೆ ದೂರ ಸರಿಯತೊಡಗಿದ ಮೇಲೆ ರೊಟ್ಟಿ ಕೈಬಿಟ್ಟಿತು. ಮುಂದೆ ಬಂಡೆಗಳ ನಡುವೆ ನೀರು ನೊರೆಯೆದ್ದು ಭೋರ್ಗರೆಯುತ್ತಿತ್ತು. ಅವರು ನನ್ನನ್ನು ಅವುಚಿಕೊಂಡ ರಭಸಕ್ಕೆ ಬಾಬಾಜಾನರ ತೇಪೆಗಳೆಲ್ಲ ನಡುಗಿದವು. ಗಾಳಿ ಬಿಡದೆ ಹಿಡಿದುಕೊಳ್ಳುವುದೊಂದೇ ನನಗೆ ಬರುವ ವಿದ್ಯೆ. ಹಿಡಿದುಕೊಂಡೆ. ದಂಡೆಯಲ್ಲಿ ದಾನಿ ಚೀರುತ್ತಿದ್ದಳು. ಸಂಗನಬಸಪ್ಪ ದೇವರನ್ನು ಕೂಗಲಿಲ್ಲ. "ಕಸ್ತೂರೀ!" ಎಂದು ಕೂಗಿದರು.

ಕಸ್ತೂರಿ ನೀರಿನ ಕಡೆ ತಿರುಗಿದರು. ಮರುಕ್ಷಣವೇ ಎದ್ದು, ಸೀರೆ ಎತ್ತಿ ಕಚ್ಚೆ ಬಿಗಿದು, ದಂಡೆಗುಂಟ ಓಡಿ, ನಮಗಿಂತ ಮುಂದೆ ಹೋಗಿ ಧುಮುಕಿದರು. ಅಷ್ಟು ವರ್ಷ ನೀರು ಮುಟ್ಟದ ಕೈಗಳು ಒಂದು ಚೂರೂ ಮರೆತಿರಲಿಲ್ಲ. ನನ್ನ ಅಂಚನ್ನು ಹಿಡಿದು, ಕಾಲು ಬಡಿಯುತ್ತ, ಗಂಡನನ್ನೂ ನನ್ನನ್ನೂ ದಂಡೆಗೆ ತಂದು ಹಾಕಿದರು.

ತಾವು ಮಾತ್ರ ಮೇಲೆ ಬರಲಿಲ್ಲ. ಎದೆಮಟ್ಟದ ನೀರಲ್ಲಿ ನಿಂತು, ಅಂಗೈಯಿಂದ ನೀರನ್ನು ಹೊಡೆಯುತ್ತ ಬೈಯತೊಡಗಿದರು. "ಮನಿ ನುಂಗಿದಿ, ಹೊಲ ನುಂಗಿದಿ, ನಮ್ಮವ್ವನ ಒಲಿ ನುಂಗಿದಿ. ಹೊಟ್ಟಿ ತುಂಬಲಿಲ್ಲೇನ ನಿನಗ? ಇವರೂ ಬೇಕಾದ್ರೇನ?"

ಚೆಲುವಾಜಮ್ಮ ನೀರಿಗಿಳಿದು ಅವರ ಭುಜ ಹಿಡಿದರು.

"ನಿನ್ ಮನೆ ಮುಳುಗ್ಸಿದ್ದು ಕೃಷ್ಣೆ ಕಣವ್ವ. ಇವಳು ನಮ್ ಕಪಿಲೆ. ಏನೂ ಅರೀದವಳು. ಇವಳನ್ಯಾಕ್ ಬೈತೀಯೆ?"

ಕಸ್ತೂರಿ ಎತ್ತಿದ ಕೈ ಅಲ್ಲೇ ನಿಂತಿತು. ಬೇರೆಯವರ ಮನೆಗೆ ನುಗ್ಗಿ ಜಗಳ ತೆಗೆದವರಂತೆ ಸುತ್ತ ನೋಡಿದರು. ನಗು ಬಂತು, ಅದರ ಹಿಂದೆಯೇ ಅಳು. ಎರಡೂ ಕೂಡಿ ಬಹಳ ಹೊತ್ತು ನಡೆಯಿತು. ಆಮೇಲೆ ಬೊಗಸೆ ನೀರೆತ್ತಿ ಕಣ್ಣಿಗೆ ಒತ್ತಿಕೊಂಡು, "ತಪ್ಪಾತ ಬಿಡವ್ವ, ಗೊತ್ತಾಗಲಿಲ್ಲ" ಎಂದು ಹೊಳೆಗೇ ಹೇಳಿದರು. ಅವತ್ತು ದಾನಿಯ ಮೊಣಕಾಲಿನ ಮೇಲೆ ನೀರು ಬಂತು, ಕಾಲು ಮುರಿಯಲಿಲ್ಲ.

ಮುಂದಿನ ಬೇಸಿಗೆಗಳು ನನ್ನ ಬಾಳಿನ ಹಬ್ಬ. ಕಸ್ತೂರಿ ಮೊದಲು ದಾನಿಗೆ, ಆಮೇಲೆ ಬೀದಿಯ ಹುಡುಗಿಯರಿಗೆಲ್ಲ ಈಜು ಕಲಿಸಿದರು. ಚೆಲುವಾಜಮ್ಮನೂ ಆ ಇಳಿವಯಸ್ಸಿನಲ್ಲಿ ನನ್ನ ಮೇಲೆ ತೇಲಿದರು. ಕಸ್ತೂರಿಯ ಬಾಯಿಯೂ ಬಿಚ್ಚಿತು. ಈಗ ತರಕಾರಿಯವಳು ನಕ್ಕರೆ ಅವಳನ್ನೂ ನಗಿಸಿ, ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಾರೆ. ಸಂಗನಬಸಪ್ಪನವರೊಬ್ಬರಿಗೆ ಮಾತ್ರ ಕೊನೆಗೂ ಈಜು ಬರಲಿಲ್ಲ. ಅದರಿಂದ ನನ್ನ ಮರ್ಯಾದೆ ಉಳಿಯಿತು.

ಈಗ ನಾನು ಅವರ ಮನೆಯ ಅಟ್ಟದ ಮೇಲಿದ್ದೇನೆ. ಮೈಯೆಲ್ಲ ಬಿರುಕು, ಗಾಳಿ ನಿಲ್ಲುವುದಿಲ್ಲ. ದೂರು ಹೇಳಲು ನನ್ನಲ್ಲಿ ಏನೂ ಇಲ್ಲ. ಕತ್ತಲಲ್ಲಿ ಸವೆದು ಹೋಗಬೇಕಿದ್ದ ನನಗೆ ಈ ಜನ ಆಕಾಶ ತೋರಿಸಿದರು. ಕೊನೆಯ ಸಲ ನೀರು ಕಂಡದ್ದನ್ನು ಮಾತ್ರ ಹೇಳಿಬಿಡುತ್ತೇನೆ.

ಆ ಬೇಸಿಗೆ ಕಸ್ತೂರಿ ತಾವಾಗಿಯೇ, "ನಮ್ಮೂರಿಗೆ ಹೋಗೂಣು" ಅಂದರು. ರೈಲಿನಲ್ಲಿ, ಬಸ್ಸಿನಲ್ಲಿ, ಮಡಚಿಕೊಂಡು ನಾನೂ ಹೋದೆ. ಕೃಷ್ಣೆಯ ಹಿನ್ನೀರು ಇಳಿದಿತ್ತು, ಊರ ಗುಡಿಯ ಕಳಸವೊಂದು ಮೇಲೆ ಕಾಣುತ್ತಿತ್ತು. ಸಂಗನಬಸಪ್ಪನವರನ್ನು ನನ್ನೊಳಗೆ ಕೂರಿಸಿ, ಒಂದು ಕಡೆ ಕಸ್ತೂರಿ, ಇನ್ನೊಂದು ಕಡೆ ದಾನಿ ನನ್ನನ್ನು ತಳ್ಳುತ್ತ ಈಜಿದರು. ಕಳಸ ನೋಡಿ, ದೂರದ ಗುಡ್ಡ ನೋಡಿ ಅಳತೆ ಹಾಕುತ್ತ ಕಸ್ತೂರಿ ಒಂದು ಕಡೆ ಈಜು ನಿಲ್ಲಿಸಿದರು.

"ಇಲ್ಲೇ ರೀ. ಇದ ನಮ್ಮ ಮನಿ. ಮದುವಿಯಾಗಿ ಇಷ್ಟ ವರ್ಷ ಆತು, ಅಳಿಯಾ ಆಗಿ ಒಮ್ಮೆನೂ ಬಂದಿಲ್ಲ ನೀವು. ಬರ್ರಿ ಒಳಗ. ಬಾಗಿಲಾ ಗಿಡ್ಡ ಐತಿ, ತಲಿ ಬಗ್ಗಸ್ರಿ."

ಸುತ್ತ ನೀರು ಬಿಟ್ಟರೆ ಏನೂ ಇರಲಿಲ್ಲ. ಸಂಗನಬಸಪ್ಪ ತಲೆ ಬಗ್ಗಿಸಿದರು.