ಓದಾರ್ಕಾಳ ಪಟ್ಟಿಯಿಂದ ಹೋದ ಹೆಸರು

ಕೆನಡಾದ ಗೋಧಿ ಸೀಮೆಯ ಡೋಬ್ರಿನ್ ಊರಿನಲ್ಲಿ ಈಗ ಮೂವತ್ತು ಮನೆಗಳೂ ಇಲ್ಲ. ಮಿಕ್ಕವರೆಲ್ಲ ಕ್ಯಾಲ್ಗರಿ, ವಿನ್ನಿಪೆಗ್ ನಗರಗಳನ್ನು ಸೇರಿಕೊಂಡರು. ಅವರಿಗೆ ಊರಿನ ಸುದ್ದಿ ಮುಟ್ಟಿಸುವವಳು ಓದಾರ್ಕಾ. ಗಂಡ ತೀರಿಕೊಂಡ ಮೇಲೆ ಅವಳಿಗೆ ಅದೇ ಸಂಸಾರ. ಪ್ರತಿ ಶುಕ್ರವಾರ ನಾನೂರು ಜನರಿಗೆ ಇಮೇಲ್‌ನಲ್ಲಿ ಸುದ್ದಿಪತ್ರ ಹೋಗುತ್ತಿತ್ತು. ಯಾರಿಗೆ ಕೂಸು ಹುಟ್ಟಿತು, ಯಾರ ಗೋಧಿ ಆಲಿಕಲ್ಲಿಗೆ ಸಿಕ್ಕಿತು, ಕೊನೆಗೆ ಊರಿನ ಜೇನಿನಂಗಡಿಯ ಜಾಹೀರಾತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಗ್ರಂಥಾಲಯದ ಮಾರ್ನಿ ಬಂದಳು.

“ಆಂಟಿ, ಜುಲೈ ಒಂದರಿಂದ ಹೊಸ ಕಾನೂನು. ಒಪ್ಪಿಗೆ ಇಲ್ದೆ ವ್ಯಾಪಾರದ ಇಮೇಲ್ ಕಳಿಸೋ ಹಾಗಿಲ್ಲ. ದಂಡ ಬೀಳುತ್ತೆ.”

“ಅದು ನಕಲಿ ಗುಳಿಗೆ ಮಾರೋ ಕಳ್ಳರಿಗೆ ಕಣೇ! ನಾನೇನು ಮಾರ್ತೀನಿ?”

“ಜೇನಿನ ಜಾಹೀರಾತು ಹಾಕ್ತೀರಲ್ಲ! ಅಂದಹಾಗೆ, ಇಷ್ಟೊಂದು ವಿಳಾಸ ಎಲ್ಲಿಂದ ತಂದ್ರಿ?”

ಓದಾರ್ಕಾ ಟೀ ಕಲಕಿದಳು. “ಚರ್ಚಲ್ಲಿ ಪಿರೋಗಿ ಕಡುಬಿನ ಊಟದ ದಿನ ಲಕ್ಕಿ ಡ್ರಾ ಚೀಟಿ ಬರೀತಾರಲ್ಲ, ಅದರಿಂದ.”

“ಅವ್ರು ವಿಳಾಸ ಬರೆದದ್ದು ಬಹುಮಾನದ ಟರ್ಕಿ ಕೋಳಿ ಸಿಗ್ಲಿ ಅಂತ. ಪತ್ರ ಕಳಿಸಿ ಅಂತ ಯಾರು ಹೇಳಿದ್ರು?”

“ನಮ್ಮೂರವರನ್ನ ನಾನು ಕೇಳ್ಬೇಕಾ?”

“ಕೇಳ್ಲೇಬೇಕು. ಬೇಕಾ ಬೇಡ್ವಾ ಅಂತ ಈಗ್ಲೇ ಬರೀರಿ. ಸುಮ್ಮನಿದ್ದೋರು ಒಪ್ಪಿದ್ರು ಅಂತ ಅಂದ್ಕೋಬೇಡಿ. ಪ್ರತಿ ಪತ್ರದಲ್ಲೂ ನಿಮ್ಮ ಹೆಸರು, ಅಂಚೆ ವಿಳಾಸ, ‘ಸಾಕು’ ಅನ್ನೋಕೆ ಒತ್ತೋ ಒಂದು ಗುಂಡಿ ಇರ್ಲಿ. ಸಾಕು ಅಂದೋರ ಹೆಸರು ಹತ್ತು ಕೆಲಸದ ದಿನದೊಳಗೆ ತೆಗೀಬೇಕು.”

ಓದಾರ್ಕಾ ಕಿಟಕಿಯತ್ತ ತಿರುಗಿದಳು. “ಕಾನೂನಿಗೆ ಹೆದರ್ತಿಲ್ಲ ಮಾರ್ನಿ. ಕೇಳಿದ್ಮೇಲೆ, ಯಾರೂ ಓದ್ತಾನೇ ಇರ್ಲಿಲ್ಲ ಅಂತ ಗೊತ್ತಾಗ್ಬಿಟ್ರೆ?”

ಮಾರ್ನಿ ಕುರ್ಚಿ ಎಳೆದುಕೊಂಡಳು. ಪಕ್ಕದಲ್ಲೇ ಕೂತು ಒಪ್ಪಿಗೆ ಕೇಳುವ ಪತ್ರ ಬರೆಸಿದಳು.

ತಿಂಗಳ ಕೊನೆಗೆ ಬೇಕು ಎಂದವರು ಐವತ್ತೆಂಟು ಮಂದಿ. ಮಿಕ್ಕವರದು ಮೌನ; ಅವರ ಹೆಸರುಗಳೂ ಪಟ್ಟಿಯಿಂದ ಹೋದವು. ಬೇಡ ಎಂದು ಬರೆದವಳು ಒಬ್ಬಳೇ, ವಿನ್ನಿಪೆಗ್‌ನಲ್ಲಿರುವ ತಂಗಿ ಸ್ಟೆಫ್ಕಾ. ಒಡಹುಟ್ಟಿದವಳ ಹೆಸರನ್ನು ಓದಾರ್ಕಾ ಎರಡು ಸಲ ಓದಿದಳು. ಕೈಯಾರೆ ಅಳಿಸಿದಳು. ಆಮೇಲೆ ಫೋನ್ ಮಾಡಿದಳು.

“ನಿಂಗೂ ನಾನು ಬೇಡವಾದ್ನೇನೇ?”

“ಬೇಡವಾಗಿದ್ದು ಆ ಪತ್ರ ಅಕ್ಕಾ. ಭಾವ ಹೋಗಿ ನಾಕು ವರ್ಷ ಆಯ್ತು. ಊರಿಗೆಲ್ಲ ಬರೆದದ್ದನ್ನೇ ನಂಗೂ ಕಳಿಸ್ತೀಯ. ನೀನು ಹೇಗಿದ್ದೀಯ ಅಂತ ಅದರಲ್ಲಿ ಒಂದು ಸಾಲಾದ್ರೂ ಇರುತ್ತಾ?”

ಓದಾರ್ಕಾ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಒಬ್ಬಳೇ ಆಗ್ಬಿಟ್ಟಿದ್ದೀನಿ ಸ್ಟೆಫ್ಕಾ” ಎಂದಳು.

ಸುದ್ದಿಪತ್ರ ನಡೆಸುವವರೇ, ಮೊದಲು ಒಪ್ಪಿಗೆ ಕೇಳಿ. ನಿಮ್ಮ ಹೆಸರು, ವಿಳಾಸ ಮುಚ್ಚಿಡಬೇಡಿ. ಸಾಕು ಎಂದವರನ್ನು ಬಿಟ್ಟುಬಿಡಿ. ಪಟ್ಟಿ ಚಿಕ್ಕದಾಗುತ್ತದೆ, ಮನಸ್ಸಿಗೆ ನೋವೂ ಆಗುತ್ತದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಬೇಡ ಎಂದವರು ನಿಮ್ಮ ಸ್ವಂತದವರಾಗಿದ್ದರೆ ಇನ್ನೊಂದು ಇಮೇಲ್ ಕಳಿಸಬೇಡಿ. ಫೋನ್ ಮಾಡಿ, ಅವರೊಬ್ಬರಿಗೇ ಹೇಳಬೇಕಾದ್ದನ್ನು ಹೇಳಿ.